ಎರವಲು ಹೋದ ಕ್ಯಾಸೆಟ್‌ಗಳು

ನಮ್ಮ ಮನೆಯ ಉಗ್ರಾಣದಲ್ಲಿ ಈಗ ನಾಲ್ಕು ಹಾರ್ಡ್ ಡಿಸ್ಕ್ ತಿರುಗುತ್ತಿವೆ. ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ಮಧ್ಯದ ಹಳೆ ಹಂಚಿನ ಮನೆ ನಮ್ಮದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಬಾಗಿಲ ಹತ್ತಿರ ನಿಂತರೆ ಸಣ್ಣಗೆ ಗುಂಯ್ ಅನ್ನುವುದು ಕೇಳುತ್ತದೆ. ಮಳೆ ಜೋರಿದ್ದರೆ ಅದೂ ಇಲ್ಲ. ದೊಡ್ಡಪ್ಪ ಊರೂರು ತಿರುಗಿ ರೆಕಾರ್ಡ್ ಮಾಡಿದ ತಾಳಮದ್ದಳೆ (ವೇಷ ಇಲ್ಲದೆ, ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟಗಳು, ಅಜ್ಜನ ಕಾಗದಪತ್ರ, ಮದುವೆ-ಉಪನಯನದ ವಿಡಿಯೊ, ಫೋಟೋ ಎಲ್ಲ ಅದರಲ್ಲಿವೆ. ಇದನ್ನು ಯಾಕೆ ಕಟ್ಟಿದೆ, ಹೇಗೆ ಕಟ್ಟಿದೆ ಅಂತ ಬರೆಯಬೇಕು ಅಂತ ತುಂಬ ದಿನದಿಂದ ಅಂದುಕೊಂಡಿದ್ದೆ.

ಮೊದಲು, ಕಳೆದುಕೊಂಡ ಕತೆ.

ದೊಡ್ಡಪ್ಪನ ನೋಟ್‌ಬುಕ್ಕಿನ ಪ್ರಕಾರ ಅವರ ಹತ್ತಿರ 140 ಕ್ಯಾಸೆಟ್ ಇತ್ತು. ಹೆಚ್ಚಿನವು 90 ನಿಮಿಷದವು. ಸುತ್ತಮುತ್ತ ಎಲ್ಲೇ ಕೂಟ ಇರಲಿ, ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಭಾಗವತರ ಎದುರು ಕೂತು, ಒಂದು ಸೈಡ್ ಮುಗಿಯುವ ಹೊತ್ತಿಗೆ ಸರಿಯಾಗಿ ತಿರುಗಿಸಿ ಹಾಕುವುದು. ಆ 'ಟಕ್' ಸದ್ದು ಪದದ ಮಧ್ಯೆ ಇವತ್ತೂ ಕೇಳುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ದೊಡ್ಡವರ ಅರ್ಥಗಾರಿಕೆಯನ್ನು ಬೇರೆಯವರೂ ರೆಕಾರ್ಡ್ ಮಾಡಿಕೊಂಡಿದ್ದಾರೆ, ಅದು ಉಳಿದಿದೆ. ದೊಡ್ಡಪ್ಪನ ಕ್ಯಾಸೆಟ್‌ಗಳಲ್ಲಿ ಜಾಸ್ತಿ ಇದ್ದದ್ದು ಊರಿನವರೇ. ಹಗಲು ತೋಟದಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಕೆಲಸ ಮಾಡಿ, ರಾತ್ರಿ ವಾಲಿಯೋ ಕರ್ಣನೋ ಆಗಿ ಎರಡು ಗಂಟೆ ಮಾತಾಡುತ್ತಿದ್ದವರು. ಅವರ ಧ್ವನಿ ಬೇರೆಲ್ಲೂ ಇಲ್ಲ.

2009ರಲ್ಲಿ ನಾನು ಆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿದೆ. ಮನೆಯಲ್ಲಿ ಆಗ ಸಿಕ್ಕಿದ್ದು 117. ಉಳಿದ 23ರ ಎದುರು ನೋಟ್‌ಬುಕ್ಕಿನಲ್ಲಿ 'ಕೊಟ್ಟದ್ದು' ಅಂತ ಮಾತ್ರ ಬರೆದಿತ್ತು. ಯಾರಿಗೆ ಅಂತ ಇರಲಿಲ್ಲ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಅಟ್ಟದಲ್ಲಿದ್ದ ಕ್ಯಾಸೆಟ್‌ಗಳಿಗೆ ಬಿಳಿ ಬೂಷ್ಟು ಹಿಡಿದಿತ್ತು. ಒಂದೊಂದನ್ನೂ ಒರೆಸಿ, ಟೇಪ್ ಡೆಕ್ಕಿನ ಹೆಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಪ್ಲೇ ಮಾಡಿ, ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ತುಂಬಿಸಿದೆ. ಎಂಟು ತಿಂಗಳು ಹಿಡಿಯಿತು. ಮುಗಿದ ಮೇಲೆ, ಬೂಷ್ಟು ಹಿಡಿದ ಕ್ಯಾಸೆಟ್ ಇನ್ನು ಯಾಕೆ ಅಂತ ತೋಟದ ಅಂಚಿನಲ್ಲಿ ಒಣಗಿದ ಸೋಗೆಯ ಜೊತೆ ಸುಟ್ಟೆವು. ಕಂಪ್ಯೂಟರಿನಲ್ಲಿ ಇದೆಯಲ್ಲ, ಅಲ್ವಾ?

2013ರ ಒಂದು ಬೆಳಗ್ಗೆ ಆ ಡಿಸ್ಕ್ ಟಿಕ್, ಟಿಕ್, ಟಿಕ್ ಅನ್ನಲು ಶುರುಮಾಡಿತು. ಒಳಗಿನ ಹೆಡ್ ಜಾಗ ಸಿಗದೆ ಹಿಂದೆ ಮುಂದೆ ಹೊಡೆದುಕೊಳ್ಳುವ ಸದ್ದು ಅದು. ಒಮ್ಮೆ ಕೇಳಿದವರಿಗೆ ಮರೆಯುವುದಿಲ್ಲ. ಏನಾದರೂ ಸರಿಯಾಗಬಹುದು ಅಂತ ನಾಲ್ಕೈದು ಸಲ ಕರೆಂಟ್ ಕೊಟ್ಟು ನೋಡಿದೆ. ಅದು ತಪ್ಪು. ಹಾಗೆ ಮಾಡಿದಷ್ಟೂ ಒಳಗಿನ ತಟ್ಟೆಗೆ ಗೀರು ಬೀಳಬಹುದು. ರಿಕವರಿ ಅಂಗಡಿಯೊಂದಕ್ಕೆ ಕೊಟ್ಟೆ. ಮೂರು ವಾರ ಇಟ್ಟುಕೊಂಡು, ಏನೂ ಸಿಕ್ಕುವುದಿಲ್ಲ ಅಂತ ವಾಪಸ್ ಕೊಟ್ಟರು. ದೊಡ್ಡಪ್ಪ ಆಗ ಬದುಕಿದ್ದರು. ನಾನು ಹೇಳಿದಾಗ ಏನೂ ಬೈಯಲಿಲ್ಲ. ಎದ್ದು ತೋಟಕ್ಕೆ ಹೋದರು.

ಅವರು ತೀರಿಕೊಂಡ ಮೇಲೆ, ಬೊಜ್ಜದ (ಉತ್ತರಕ್ರಿಯೆಯ) ದಿನ ಊಟಕ್ಕೆ ಕೂತಾಗ ವಿಟ್ಲ ಕಡೆಯ ಭಾವ ಪಕ್ಕದಲ್ಲಿದ್ದ. ಮಾತಿನ ಮಧ್ಯೆ ಅಂದ, "ಭಾವ, ನಿಂಗಳ ದೊಡ್ಡಪ್ಪನ ಕ್ಯಾಸೆಟ್ ಎಂಗಳ ಮನೆಲಿ ಇದ್ದು." ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನ ಮನೆಯ ಕಪಾಟಿನಲ್ಲಿ 23ರಲ್ಲಿ 14 ಇತ್ತು. ಉಳಿದ 9 ಅಲ್ಲಿಂದ ಮತ್ತೊಬ್ಬರ ಮನೆಗೆ ಹೋಗಿದ್ದವು. ಅಲ್ಲಿಗೆ ಹೋದಾಗ ಇನ್ನೊಂದು ವಿಷಯ ತಿಳಿಯಿತು. ಅವರ ಹತ್ತಿರ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇತ್ತು. ದೊಡ್ಡಪ್ಪನಿಂದ ತಂದದ್ದನ್ನೆಲ್ಲ ಪ್ರತಿ ಮಾಡಿ ಇಟ್ಟುಕೊಂಡು ಹಿಂದೆ ಕೊಡುತ್ತಿದ್ದರಂತೆ. ನಾವು ಸುಟ್ಟ ಕ್ಯಾಸೆಟ್‌ಗಳ ಪೈಕಿ 38ರ ಪ್ರತಿ ಅಲ್ಲಿ ಸಿಕ್ಕಿತು.

140ರಲ್ಲಿ ಈಗ ಉಳಿದದ್ದು 61. ಜೋಪಾನ ಮಾಡಿ ಬೀಗ ಹಾಕಿ ಇಟ್ಟದ್ದು ಹೋಯಿತು. ಎರವಲು ಹೋದದ್ದು ಉಳಿಯಿತು. ಹಿಂದೆ ಯಕ್ಷಗಾನ ಪ್ರಸಂಗಗಳು ಉಳಿದದ್ದೂ ಹೀಗೇ. ಒಬ್ಬ ಭಾಗವತರ ತಾಳೆಗರಿಯನ್ನು ಇನ್ನೊಬ್ಬರು ಕೂತು ಬರೆದುಕೊಳ್ಳುತ್ತಿದ್ದರು. ಒಂದು ಮನೆಯಲ್ಲಿ ಗೆದ್ದಲು ತಿಂದರೆ ಇನ್ನೊಂದು ಮನೆಯಲ್ಲಿ ಇರುತ್ತಿತ್ತು. ನಾನು ಮಾತ್ರ ಎಲ್ಲವನ್ನೂ ಒಂದು ಡಬ್ಬಿಯೊಳಗೆ ಹಾಕಿಟ್ಟೆ.

ಉಗ್ರಾಣದ ಪೆಟ್ಟಿಗೆಯ ಯೋಚನೆ ಶುರುವಾದದ್ದು ಆವಾಗ.

ಯಾವುದೋ ಕಂಪನಿಯ ಕ್ಲೌಡ್‌ನಲ್ಲಿ ಇಡಬಹುದಲ್ಲ ಅಂತ ತುಂಬ ಜನ ಕೇಳಿದರು. ಇಡಬಹುದು. ಆದರೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಕಟ್ಟುವವನು ನಾನು. ನನ್ನ ನಂತರ ಯಾರು ಕಟ್ಟುತ್ತಾರೆ? ಮನೆಯದ್ದು ಮನೆಯಲ್ಲಿ ಮೊದಲು ಇರಲಿ, ಆಮೇಲೆ ಹೊರಗೆ ಅಂತ ನನ್ನ ಮನಸ್ಸು.

ಪೆಟ್ಟಿಗೆ ಅಂದರೆ ಅಂಥ ದೊಡ್ಡದೇನಲ್ಲ. ಆಫೀಸೊಂದರಿಂದ ಹೊರಗೆ ಹಾಕಿದ ಹಳೆ ಡೆಸ್ಕ್‌ಟಾಪ್ ಮಂಗಳೂರಿನಲ್ಲಿ ಸಿಕ್ಕಿತು. ಮದರ್‌ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಆರು ಇತ್ತು, ಅದಕ್ಕೇ ತೆಗೆದುಕೊಂಡೆ. ಮೆಮೊರಿ 8 ಜಿಬಿಯಿಂದ 16ಕ್ಕೆ ಏರಿಸಿದೆ. ಪವರ್ ಸಪ್ಲೈ ಮಾತ್ರ ಹೊಸದು ಹಾಕಿದೆ. ಇಲ್ಲಿ ಉಳಿತಾಯ ಮಾಡಬಾರದು. ದೊಡ್ಡ ಅಳತೆಯ ಹಾರ್ಡ್ ಡಿಸ್ಕ್ ತಿರುಗುವಾಗ 5-7 ವ್ಯಾಟ್ ಸಾಕು, ಆದರೆ ನಿಂತಲ್ಲಿಂದ ಶುರುವಾಗುವ ಆ ಕೆಲವು ಸೆಕೆಂಡಿನಲ್ಲಿ 20-25 ವ್ಯಾಟ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದರೆ 100 ವ್ಯಾಟ್. ಹಳೆ ಸಪ್ಲೈ ಅಲ್ಲೇ ತತ್ತರಿಸುತ್ತದೆ.

ಡಿಸ್ಕ್ ಆರಿಸುವಾಗ ಒಂದು ವಿಷಯ ಕಡ್ಡಾಯವಾಗಿ ನೋಡಿ. ಎಸ್‌ಎಂಆರ್ ಅನ್ನುವ ಬಗೆಯ ಡಿಸ್ಕ್‌ಗಳಲ್ಲಿ ಬರವಣಿಗೆಯ ಸಾಲುಗಳು ಮಾಡಿನ ಹಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಜಾಗ ಉಳಿಯುತ್ತದೆ, ಕ್ರಯವೂ ಕಮ್ಮಿ. ಆದರೆ ಮಧ್ಯದ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲೆ ಕೂತ ಹಂಚುಗಳನ್ನೆಲ್ಲ ಎಬ್ಬಿಸಬೇಕು, ಅಲ್ವಾ? ಹಾಗೆಯೇ ಇಲ್ಲಿ ಒಂದು ಸಾಲು ತಿದ್ದಲು ಪಕ್ಕದ ಸುಮಾರು ಸಾಲು ಮತ್ತೆ ಬರೆಯಬೇಕು. ಡಿಸ್ಕ್ ಒಂದು ಹೋಗಿ ಇನ್ನೊಂದನ್ನು ತುಂಬಿಸುವ ಹೊತ್ತಿನಲ್ಲಿ ಇದು ಮಹಾ ನಿಧಾನ. ಸಾಲುಗಳು ಹೀಗೆ ಒಂದರ ಮೇಲೊಂದು ಕೂರದ ಬಗೆಗೆ ಸಿಎಂಆರ್ ಅನ್ನುತ್ತಾರೆ, ಹಾಗಂತ ಸ್ಪಷ್ಟವಾಗಿ ಹೇಳಿದ್ದನ್ನೇ ತೆಗೆದುಕೊಳ್ಳಿ. ನಾನು 4 ಟಿಬಿಯ ನಾಲ್ಕು ತಂದೆ. ಎರಡು ಒಂದು ಅಂಗಡಿಯಿಂದ, ಎರಡು ತಿಂಗಳು ಬಿಟ್ಟು ಇನ್ನೆರಡು ಬೇರೆ ಅಂಗಡಿಯಿಂದ. ಒಂದೇ ದಿನ, ಒಂದೇ ಕಡೆ ತಯಾರಾದ ನಾಲ್ಕೂ ಒಟ್ಟಿಗೆ ಮುದುಕಾಗುವುದು ಬೇಡ ಅಂತ. ಜೋಡಿ ಮಾಡುವಾಗಲೂ ಹಳೆಯದಕ್ಕೆ ಹೊಸದನ್ನು ಕೂಡಿಸಿದೆ.

ಹಾರ್ಡ್ ಡಿಸ್ಕ್ ಅನ್ನುವುದೇ ಎಷ್ಟು ಹಳೆಯದು ಅಂತ ಓದಿದಾಗ ನನಗೆ ಮೈ ಜುಂ ಅಂದಿತ್ತು. ಐಬಿಎಂ ಕಂಪನಿ ತನ್ನ ಮೊದಲ ಹಾರ್ಡ್ ಡಿಸ್ಕ್ ಇದ್ದ ಯಂತ್ರವನ್ನು ಲೋಕಕ್ಕೆ ತೋರಿಸಿದ್ದು 1956ರ ಸೆಪ್ಟೆಂಬರಿನಲ್ಲಿ. ರಾಮಾಕ್ ಅಂತ ಹೆಸರು. 24 ಇಂಚು ಅಗಲದ 50 ತಟ್ಟೆಗಳು, ಒಂದು ಟನ್ನಿಗೂ ಮೇಲೆ ಭಾರ. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತಿನ ಮೊಬೈಲಿನ ಒಂದು ಒಳ್ಳೆಯ ಫೋಟೋ ಅದರಲ್ಲಿ ಕೂರುವುದು ಕಷ್ಟ. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅಜ್ಜನ ಟ್ರಂಕಿನಲ್ಲಿ ಆ ಕಾಲದ ಕರಪತ್ರಗಳಿವೆ, ಪೇಪರ್ ಕತ್ತರಿಸಿ ಇಟ್ಟದ್ದಿದೆ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂದಾಗ ಅಜ್ಜ ಒಂದು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ 'ಆಯ್ತು' ಅಂತ ಬರೆದಿದ್ದಾರೆ. ಆಗಲಿಲ್ಲ ಅನ್ನುವುದು ನಮಗೆಲ್ಲ ಗೊತ್ತು. ಆ ಒಂದು ಶಬ್ದವನ್ನು ನಾನು ಜಾಸ್ತಿ ಗಾತ್ರದಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ. ಪೆನ್ಸಿಲ್ ಗೆರೆ ವರ್ಷದಿಂದ ವರ್ಷಕ್ಕೆ ಮಾಸುತ್ತಿದೆ.

ಇನ್ನು ಡಿಸ್ಕ್‌ಗಳನ್ನು ಜೋಡಿಸುವ ವಿಷಯ. ಒಂದಕ್ಕಿಂತ ಜಾಸ್ತಿ ಡಿಸ್ಕ್ ಸೇರಿಸಿ ಒಂದು ಹಾಳಾದರೂ ಮಾಹಿತಿ ಉಳಿಯುವ ಹಾಗೆ ಮಾಡುವುದಕ್ಕೆ ರೇಡ್ ಅನ್ನುತ್ತಾರೆ. ಆ ಹೆಸರು ಪ್ರಚಾರಕ್ಕೆ ಬಂದದ್ದು 1988ರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು ಬರೆದ ಪ್ರಬಂಧದಿಂದ. ರೇಡ್ 5 ಅನ್ನುವ ಬಗೆಯನ್ನು ನಾನು ಅಪ್ಪನಿಗೆ ಅಡಿಕೆ ಲೆಕ್ಕದಲ್ಲಿ ಹೇಳಿದೆ. ಮೂರು ಗೋಣಿಯ ತೂಕ ಬರೆದು ಕೆಳಗೆ ಒಟ್ಟು ಬರೆಯುತ್ತೇವೆ. ಒಂದು ಗೋಣಿಯ ಅಂಕಿಯ ಮೇಲೆ ನೀರು ಬಿದ್ದು ಅಳಿಸಿದರೆ ಒಟ್ಟಿನಿಂದ ಕಳೆದು ಹಿಂದೆ ತರಬಹುದು. ಎರಡು ಅಳಿಸಿದರೆ ಆಗುವುದಿಲ್ಲ. ನಾಲ್ಕು ಡಿಸ್ಕ್ ಹಾಕಿದರೆ ಮೂರರಷ್ಟು ಜಾಗ ಸಿಗುತ್ತದೆ, ಒಂದು ಹೋದರೂ ನಡೆಯುತ್ತದೆ.

ಆದರೂ ನಾನು ಅದನ್ನು ಆರಿಸಲಿಲ್ಲ. ಕನ್ನಡಿ ಮಾಡಿದೆ. ಎರಡೆರಡು ಡಿಸ್ಕಿನ ಎರಡು ಜೋಡಿ, ಜೋಡಿಯ ಎರಡರಲ್ಲೂ ಅದೇ ಮಾಹಿತಿ. 16 ಟಿಬಿ ಕೊಂಡು 8 ಟಿಬಿ ಮಾತ್ರ ಸಿಕ್ಕಿತು. ದುಬಾರಿಯೇ. ಆದರೆ ಒಂದು ಹೋದರೆ ಅದರ ಜೋಡಿಯನ್ನು ಮಾತ್ರ ಓದಿ ಹೊಸದನ್ನು ತುಂಬಿಸಿದರೆ ಆಯ್ತು. ರೇಡ್ 5ರಲ್ಲಿ ಉಳಿದ ಮೂರನ್ನೂ ಪೂರ್ತಿ ಓದಬೇಕು, ಆ ಹೊತ್ತಿನಲ್ಲಿ ಇನ್ನೊಂದು ಕೈಕೊಟ್ಟರೆ ಕತೆ ಮುಗಿಯಿತು. 4 ಟಿಬಿ ತುಂಬಿದ ಡಿಸ್ಕನ್ನು ಸೆಕೆಂಡಿಗೆ 150 ಎಂಬಿಯ ವೇಗದಲ್ಲಿ ನಕಲು ಮಾಡಲು ಏಳೂವರೆ ಗಂಟೆ ಬೇಕು. ಆ ಏಳೂವರೆ ಗಂಟೆ ಕರೆಂಟ್ ಇರಬೇಕು. ನಮ್ಮಲ್ಲಿ.

ಪೆಟ್ಟಿಗೆ ನಡೆಸುವ ಸಾಫ್ಟ್‌ವೇರ್ ಟ್ರೂನ್ಯಾಸ್. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ, ಅದರ ಒಳಗಿರುವ ಝಡ್‌ಎಫ್‌ಎಸ್ ಅನ್ನುವ ವ್ಯವಸ್ಥೆಗಾಗಿಯೇ ಅದನ್ನು ಹಾಕಿದ್ದು. ಬರೆದ ಪ್ರತಿ ತುಣುಕಿಗೂ ಅದು ಒಂದು ಗುರುತಿನ ಲೆಕ್ಕ ಇಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ಇಡೀ ಡಿಸ್ಕನ್ನು ಓದಿ, ಲೆಕ್ಕ ತಾಳೆಯಾಗುತ್ತದಾ ಅಂತ ನೋಡುತ್ತದೆ. ಒಂದು ಕಡೆ ತಪ್ಪಿದ್ದರೆ ಜೋಡಿಯ ಸರಿಯಾದ ಪ್ರತಿಯಿಂದ ತಿದ್ದುತ್ತದೆ. ಕಟ್ಟಿಟ್ಟ ಅಡಿಕೆಯನ್ನು ನಡುನಡುವೆ ಬಿಚ್ಚಿ ಹುಳ ಬಿತ್ತಾ ಅಂತ ನೋಡುತ್ತೇವಲ್ಲ, ಅಂಥದ್ದೇ ಕೆಲಸ. 2009ರ ಡಿಸ್ಕನ್ನು ನಾನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಪೂರ್ತಿ ಓದಿ ನೋಡಿರಲಿಲ್ಲ.

ಎಲ್ಲ ಆದ ಮೇಲೆ ಅಪ್ಪ ಕೇಳಿದರು, ಇನ್ನು ಹೆದರಿಕೆ ಇಲ್ಲ ಅಲ್ಲದಾ ಅಂತ. ನಮ್ಮ ಗುಡ್ಡದಲ್ಲಿ ಎರಡು ಸುರಂಗ ಇವೆ. ಮುರಕಲ್ಲು ಕೊರೆದು ಅಜ್ಜನ ಕಾಲದಲ್ಲಿ ಮಾಡಿದವು. ಒಂದು ಫೆಬ್ರವರಿಗೇ ಒಣಗಿದರೂ ಇನ್ನೊಂದರಲ್ಲಿ ನೀರು ಬರುತ್ತದೆ. ಎರಡರ ನೀರೂ ಬಂದು ಬೀಳುವುದು ಒಂದೇ ಟಾಂಕಿಗೆ. ನಾನು ಅದನ್ನೇ ತೋರಿಸಿ ಹೇಳಿದೆ. ಈಗ ಮಾಡಿದ್ದು ಎರಡು ಸುರಂಗ ಅಪ್ಪಾ. ಟಾಂಕಿ ಒಡೆದರೆ ಎರಡೂ ವ್ಯರ್ಥ. ಕಳ್ಳ ಪೆಟ್ಟಿಗೆ ಹೊತ್ತುಕೊಂಡು ಹೋದರೆ, ಬೆಂಕಿ ಬಿದ್ದರೆ, ನಾನೇ ಕೈತಪ್ಪಿ ಅಳಿಸಿದರೆ, ಎರಡು ಡಿಸ್ಕಿನಿಂದಲೂ ಆ ಕ್ಷಣಕ್ಕೇ ಹೋಗುತ್ತದೆ. ಅಪ್ಪ ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡಿ, "ಅಂಬಗ ಇನ್ನೊಂದು ಮನೆಲಿ ಇನ್ನೊಂದು ಟಾಂಕಿ ಬೇಕು" ಅಂದರು.

ಅದೇ ಮಾತು ಫೋಟೋಗ್ರಾಫರ್ ಪೀಟರ್ ಕ್ರೋ ಅವರಿಂದ ಪ್ರಚಾರಕ್ಕೆ ಬಂದ 3-2-1 ಅನ್ನುವ ಲೆಕ್ಕದಲ್ಲೂ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಕೈತಪ್ಪಿ ಅಳಿಸಿದ್ದಕ್ಕೆ ದಿನಾ ರಾತ್ರಿ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿಗೆ ಎಲ್ಲ ಹೇಗಿತ್ತು ಅನ್ನುವ ದಾಖಲೆ, ತೆಗೆಯುವ ಹಾಗೆ ಮಾಡಿದ್ದೇನೆ, 60 ದಿನ ಹಿಂದಿನದ್ದು ಸಿಗುತ್ತದೆ. ಹೊರಗಿನ ಪ್ರತಿಗೆ ಎರಡು ಎಕ್ಸ್‌ಟರ್ನಲ್ ಡಿಸ್ಕ್ ಇವೆ. ಒಂದು ಯಾವಾಗಲೂ ವಿಟ್ಲದ ಭಾವನ ಮನೆಯಲ್ಲಿ, ಆ ಕ್ಯಾಸೆಟ್ ಇದ್ದ ಅದೇ ಕಪಾಟಿನಲ್ಲಿ. ವಿಷುವಿಗೆ ಮತ್ತು ದೀಪಾವಳಿಗೆ ಅದಲು ಬದಲು. ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ, ಬ್ಯಾಗಿನ ಮಧ್ಯದಲ್ಲಿಟ್ಟು, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಕರ್ನಾಟಕದ ಗಡಿ ದಾಟುತ್ತೇನೆ.

ನಮ್ಮ ಕಡೆ ಇಂಥ ಪೆಟ್ಟಿಗೆ ಇಡುವವರಿಗೆ ದೊಡ್ಡ ಶತ್ರು ಸಿಡಿಲು. ಆಟಿಯ (ಜುಲೈ-ಆಗಸ್ಟ್) ಮಳೆಗಿಂತ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಗುಡುಗಿಗೆ ನನಗೆ ಹೆದರಿಕೆ ಜಾಸ್ತಿ. ಮೊದಲು ತಾಮ್ರದ ಫೋನ್ ಲೈನ್ ಇದ್ದಾಗ ಸಿಡಿಲು ಅದರಲ್ಲೇ ಬಂದು ಎರಡು ಸಲ ಮೋಡೆಮ್ ಸುಟ್ಟಿತ್ತು. ಈಗ ಫೈಬರ್. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಅದೊಂದು ಸಮಾಧಾನ. ಕರೆಂಟಿನ ಲೈನ್ ಮಾತ್ರ ಇದ್ದೇ ಇದೆ. ಮನೆಯ ಅರ್ತಿಂಗ್ ಹೊಸದಾಗಿ ಮಾಡಿಸಿದೆ. ಪೆಟ್ಟಿಗೆಗೆ ಬೇರೆ ಯುಪಿಎಸ್ ಇದೆ. ಕರೆಂಟ್ ಹೋಗಿ ಐದು ನಿಮಿಷದಲ್ಲಿ ಬರದಿದ್ದರೆ ಯುಪಿಎಸ್ ಸುದ್ದಿ ಮುಟ್ಟಿಸುತ್ತದೆ, ಸರ್ವರ್, ಅಂದರೆ ಈ ಪೆಟ್ಟಿಗೆ, ತಾನಾಗಿ ಎಲ್ಲ ಮುಚ್ಚಿ ಆಫ್ ಆಗುತ್ತದೆ. ಆದರೆ ಸಿಡಿಲಿಗೆ ವಯರು ಕೀಳುವುದೇ ಮದ್ದು. ನಾನು ಮನೆಯಲ್ಲಿ ಇಲ್ಲದಾಗ ಅದನ್ನು ಮಾಡುವವಳು ಅಮ್ಮ. ದೂರದಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಅಡಿಗೆಕೋಣೆಯಿಂದ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಪವರ್ ಬಟನ್ ಒಂದು ಸಲ ಒತ್ತುತ್ತಾಳೆ. ನೀಲಿ ದೀಪ ಆರುವವರೆಗೆ ಅಲ್ಲೇ ನಿಲ್ಲುತ್ತಾಳೆ. ಆಮೇಲೆ ಪ್ಲಗ್, ಆಮೇಲೆ ನೆಟ್‌ವರ್ಕ್ ವಯರು. ದೀಪ ಆರುವ ಮೊದಲು ಪ್ಲಗ್ ಎಳೆಯಬಾರದು ಅಂತ ಒಮ್ಮೆ ಹೇಳಿದ್ದೆ. ಅದು ಇವತ್ತಿನವರೆಗೆ ತಪ್ಪಿಲ್ಲ.

ಕರೆಂಟಿನ ಲೆಕ್ಕ ಕೇಳುವವರಿಗೆ: ಎಲ್ಲ ಸೇರಿ 48 ವ್ಯಾಟ್ ಆಸುಪಾಸು. ದಿನಕ್ಕೆ 1.15 ಯೂನಿಟ್, ತಿಂಗಳಿಗೆ 35.

ಹೋದ ಆಟಿ ತಿಂಗಳಲ್ಲಿ ಒಂದು ಗಾಬರಿ ಆಯಿತು. ಮೂರನೇ ಡಿಸ್ಕಿನಲ್ಲಿ ತಪ್ಪು ಬರುತ್ತಿದೆ ಅಂತ ಸರ್ವರಿನಿಂದ ಮೇಲ್ ಬಂತು. ಎದೆ ಧಸಕ್ ಅಂತು. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಸ್ಮಾರ್ಟ್ ಅಂತ ಹೇಳುತ್ತಾರೆ. ಅದರ ಪಟ್ಟಿ ತೆಗೆದು ನೋಡಿದೆ. ಕೆಟ್ಟುಹೋಗಿ ಬದಲಿಸಿದ ಜಾಗ ತೋರಿಸುವ 5ನೇ ಸಾಲು ಸೊನ್ನೆ. ಓದಲಾಗದೆ ಬಾಕಿ ಉಳಿದ ಜಾಗ ತೋರಿಸುವ 197 ಕೂಡ ಸೊನ್ನೆ. 199ನೇ ಸಾಲು ಮಾತ್ರ ನಿನ್ನೆ 3 ಇದ್ದದ್ದು ಇವತ್ತು 41. ಆ ಸಾಲು ಏರಿದರೆ ಡಿಸ್ಕಿನೊಳಗೆ ತಪ್ಪಿದ್ದಲ್ಲ, ಡಿಸ್ಕಿನಿಂದ ಬೋರ್ಡಿಗೆ ಹೋಗುವ ದಾರಿಯಲ್ಲಿ ತಪ್ಪಿದ್ದು ಅಂತ ಅರ್ಥ. ಆಫ್ ಮಾಡಿ ಟಾರ್ಚ್ ಹಿಡಿದು ನೋಡಿದರೆ, ಮುಚ್ಚಳ ಹಾಕುವಾಗ ಸಾಟಾ ಕೇಬಲ್ ಒತ್ತಿ ಮಡಚಿ ಹೋಗಿತ್ತು. ಕೇಬಲ್ ಬದಲಿಸಿದೆ. 41 ಹಾಗೇ ಉಳಿಯಿತು, ಆ ಅಂಕಿ ಇಳಿಯುವುದಿಲ್ಲ, ಆದರೆ ಆಮೇಲೆ ಒಂದೂ ಏರಲಿಲ್ಲ. ಪೂರ್ತಿ ಓದಿಸಿ ನೋಡಿದೆ, ಎರಡು ಗಂಟೆ ಚಿಲ್ಲರೆ ಹಿಡಿಯಿತು. ಒಂದು ತುಣುಕೂ ತಪ್ಪಿರಲಿಲ್ಲ. ಡಿಸ್ಕ್ ಸತ್ತಿತು ಅಂತ ಹೊಸದು ತರುವ ಮೊದಲು ಈ ಮೂರು ಸಾಲು ನೋಡಿ.

ಜಾಗದ ಮಾತಿಗೆ ಬಂದರೆ, ಕ್ಯಾಸೆಟ್‌ಗಳಿಗೆ ಬೇಕಾದದ್ದು ತೀರ ಕಮ್ಮಿ. ಸಿಡಿಯ ಗುಣಮಟ್ಟದಲ್ಲಿ ಏನೂ ಕುಗ್ಗಿಸದೆ ಇಟ್ಟರೂ 90 ನಿಮಿಷಕ್ಕೆ 950 ಎಂಬಿ. 61 ಸೇರಿ 58 ಜಿಬಿ. ಜಾಗ ತಿನ್ನುವುದು ವಿಡಿಯೊ. ವಿಡಿಯೊ ಕ್ಯಾಮರಾದ ಹಳೆಯ ಮಿನಿ ಡಿವಿ ಟೇಪ್ ಗಂಟೆಗೆ 13 ಜಿಬಿ.

ಹೆಸರಿಡುವಲ್ಲಿ ಮಾತ್ರ ನನಗೆ ಗೊತ್ತಿರದ ಒಂದು ತೊಡಕು ಬಂತು. ಫೈಲಿನ ಹೆಸರು ಕನ್ನಡದಲ್ಲೇ ಇರಬೇಕು ಅಂತ ನನ್ನ ಹಟ. ಪ್ರಸಂಗ, ಜಾಗ, ತಾರೀಕು, ಭಾಗವತರು, ಅರ್ಥಧಾರಿಗಳು ಎಲ್ಲ ಬರೆದೆ. ಹೆಸರು ಉದ್ದವಾಯಿತು ಅಂತ ಕಾಪಿಯೇ ಆಗಲಿಲ್ಲ. ಹೆಸರಿಗೆ ಸಿಗುವುದು 255 ಬೈಟ್. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟ್ ಸಾಕು. ನಮ್ಮದಕ್ಕೆ ಮೂರು. ಗುಣಿತಕ್ಕೆ ಬೇರೆ ಮೂರು, ಒಂದೊಂದು ಒತ್ತಿಗೆ ಆರು. 'ಸ್ತ್ರೀ' ಅಂತ ಒಂದೇ ಅಕ್ಷರ ಬರೆದರೆ 18 ಬೈಟ್ ಹೋಯಿತು. ಹಾಗಾಗಿ ಹೆಸರಿನಲ್ಲಿ ಕ್ಯಾಸೆಟ್ ನಂಬರ್, ಪ್ರಸಂಗ, ವರ್ಷ ಮಾತ್ರ ಇಟ್ಟೆ. ಉಳಿದದ್ದಕ್ಕೆ ಪಕ್ಕದಲ್ಲಿ ಒಂದು ಟಿಪ್ಪಣಿ ಫೈಲ್.

ಆ ಟಿಪ್ಪಣಿ ಬರೆಯಲು ಕೂತಾಗ ಗೊತ್ತಾಯಿತು, ಮಾತಾಡಿದವರು ಯಾರು ಅಂತ ದೊಡ್ಡಪ್ಪನ ನೋಟ್‌ಬುಕ್ಕಿನಲ್ಲಿ ಅರ್ಧಕ್ಕರ್ಧ ಕ್ಯಾಸೆಟ್‌ಗಳಿಗೆ ಇಲ್ಲವೇ ಇಲ್ಲ. 'ಊರಿನವರು' ಅಂತ ಬರೆದು ಬಿಟ್ಟಿದ್ದಾರೆ. ಅವರಿಗೆ ಬರೆಯುವ ಅಗತ್ಯ ಇರಲಿಲ್ಲ. ಧ್ವನಿ ಕೇಳಿದರೆ ಸಾಕಿತ್ತು. ಈಗ ಆ ಧ್ವನಿಗಳನ್ನು ಗುರುತು ಹಿಡಿಯುವವರು ನಮ್ಮ ಮನೆಯಲ್ಲಿ ಒಬ್ಬರೇ. ಅಪ್ಪನಿಗೆ 81. ಶಬ್ದ ನಾಲ್ಕು ಡಿಸ್ಕಿನ ಪೆಟ್ಟಿಗೆಯಲ್ಲಿದೆ, ಹೊರಗೆ ಇನ್ನೆರಡರಲ್ಲಿದೆ. ಹೆಸರು ಅಪ್ಪನ ತಲೆಯಲ್ಲಿ ಮಾತ್ರ.

ಹಾಗಾಗಿ ಸಂಜೆ ಕಾಫಿ ಆದ ಮೇಲೆ ಜಗಲಿಯಲ್ಲಿ ಕೂರುತ್ತೇವೆ. ದಿನಕ್ಕೆ ಇಪ್ಪತ್ತು ನಿಮಿಷ, ಜಾಸ್ತಿ ಇಲ್ಲ, ಅವರಿಗೆ ಆಯಾಸ ಆಗುತ್ತದೆ. ಸರ್ವರಿನಲ್ಲಿ ಹಾಡು-ವಿಡಿಯೊ ಕೇಳಿಸುವ ಜೆಲ್ಲಿಫಿನ್ ಅನ್ನುವ ಸಾಫ್ಟ್‌ವೇರ್ ಹಾಕಿದ್ದೇನೆ, ಮೊಬೈಲಿನಿಂದಲೇ ಕೇಳಿಸಬಹುದು. ಹೇಳಿದ್ದನ್ನು ನಾನು ಟೈಪ್ ಮಾಡುತ್ತೇನೆ, ಮಗಳು ಒಂದು ಪುಸ್ತಕದಲ್ಲೂ ಬರೆಯುತ್ತಾಳೆ. ಮಗಳದು ಮಲಯಾಳಂ ಮಾಧ್ಯಮದ ಶಾಲೆ. ಕನ್ನಡ ಬರೆಯಲು ಅವಳಿಗೆ ಸಿಗುವ ಜಾಗ ಇದೊಂದೇ. ಹೆಸರುಗಳಲ್ಲಿ ಒತ್ತು ತಪ್ಪಿದರೆ ಅಪ್ಪ ತಿದ್ದುತ್ತಾರೆ.

ಮೊನ್ನೆ 34ನೇ ಕ್ಯಾಸೆಟ್, ಬಿ ಸೈಡ್. ವಾಲಿ ರಾಮನನ್ನು ಕೇಳುತ್ತಿದ್ದಾನೆ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಅಂತ. ಗಟ್ಟಿ ಧ್ವನಿ, ಪ್ರತಿ ವಾಕ್ಯದ ಕೊನೆಗೆ ಸಣ್ಣ ತಡೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಹಿಂದೆ ಹಾಕಲು ಹೇಳಿದರು. ಮತ್ತೊಮ್ಮೆ ಕೇಳಿದರು. "ಅಂಗಡಿ ಇತ್ತು ಅವಂದು, ಬಸ್ಸು ನಿಂಬಲ್ಲಿ" ಅಂದರು. "ಬೆಲ್ಲ ತೂಗುವಾಗಳೂ ಹೀಂಗೇ ಮಾತಾಡುಗು." ಮುಖ ಕಣ್ಣೆದುರು ಬಂದಿತ್ತು, ಹೆಸರು ಬರಲಿಲ್ಲ. ತುಂಬ ಹೊತ್ತು ಸುಮ್ನೆ ಕೂತರು. ಆಮೇಲೆ ಅಂದರು, "ಎನಗೆ ಗೊಂತಾವ್ತಿಲ್ಲೆ ಮಗಾ. ವಿಟ್ಲದ ಭಾವಂಗೆ ಗೊಂತಿಕ್ಕು."

ಅವರ ಭಾವ ಅಂದರೆ ನನ್ನ ಭಾವನ ಅಪ್ಪ. ವಯಸ್ಸಿನಲ್ಲಿ ಅಪ್ಪನಿಗಿಂತ ಮೂರು ವರ್ಷ ದೊಡ್ಡವರು. ಹೆಸರು ಸಿಗದ ಧ್ವನಿಗಳು ಈಗ 17 ಇವೆ. ಒಂದೊಂದರಿಂದ ಎರಡೆರಡು ನಿಮಿಷ ಕತ್ತರಿಸಿ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಈ ದೀಪಾವಳಿಗೆ ಬೈರಾಸಿನಲ್ಲಿ ಡಿಸ್ಕಿನ ಜೊತೆ ಮಗಳ ಪುಸ್ತಕವೂ ಹೋಗುತ್ತದೆ, 17 ಸಾಲು ಖಾಲಿ ಬಿಟ್ಟು.